ಮಸುಕು ಗಾಜಿನ ಕೋಣೆ

ಅಲ್ ಮವಾಲೇಹ್, ಮಸ್ಕತ್
12 ಸೆಪ್ಟೆಂಬರ್ 2024

ಮಗಳು ಸಮೀಕ್ಷಾಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ತಾಯಿ ಯಾರೆಂಬುದು ನಿನಗೆ ಮರೆತುಹೋದ ಹಾಗಿದೆ. ಅದಕ್ಕೆ ಮೊದಲು ಅದನ್ನೇ ಬರೆಯುತ್ತೇನೆ. ನಾನು ವಿನೋದಾ, ಕೊಗ್ಗ ಪೂಜಾರಿಯವರ ಹೆಂಡತಿ. ಕಾರ್ಕಳದಲ್ಲಿ ಹೈಸ್ಕೂಲು ಓದಿ ಎಸ್ಸೆಸ್ಸೆಲ್ಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದವಳು. ನಮ್ಮ ಕರಾವಳಿ ಬಳಗದ ವಾರ್ಷಿಕೋತ್ಸವದಲ್ಲಿ ದೀಪ ಹಚ್ಚುವುದು ನಾನು. ಎದುರು ಸಾಲಿನ ಮೊದಲ ಕುರ್ಚಿ ನನ್ನದು. ಮಸ್ಕತ್ತಿನಲ್ಲಿ ನಮ್ಮವರ ಮನೆಯಲ್ಲಿ ಮದುವೆ ಮಾತುಕತೆ ಎಂದರೆ ಮೊದಲ ಫೋನು ಬರುವುದು ನನಗೆ. ಹುಡುಗ ಕುಡಿಯುತ್ತಾನೋ ಇಲ್ಲವೋ ಎಂದು ವಿಚಾರಿಸಿ ಹೇಳುವವಳೂ ನಾನೇ. ಸುವೈಕ್‌ನ ತೋಟಕ್ಕೆ ಪಿಕ್‌ನಿಕ್ ಹೋದಾಗ ಇಬ್ಬರು ಹುಡುಗರು ಜ್ಯೂಸಿನ ಬಾಟಲಿಯಲ್ಲಿ ಬೇರೇನೋ ತಂದದ್ದನ್ನು ಮೂಸಿ ನೋಡಿ, ಎಲ್ಲರ ಎದುರೇ ಮರಳಿಗೆ ಸುರಿದೆ. ನೀನೂ ಅಲ್ಲಿದ್ದೆ.

ಅಂಥ ತಾಯಿಗೆ ನೀನು ಎರಡು ತಿಂಗಳಿಂದ ಕಾಗದ ಬರೆದಿಲ್ಲ. ಫೋನನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಫೋನಿನಲ್ಲಿ ನೀನು ಎರಡು ಮಾತಿಗೊಮ್ಮೆ ಇಂಗ್ಲಿಷಿಗೆ ಹಾರುತ್ತೀ. ಇಲ್ಲಿಂದ ಹೊರಡುವಾಗ ಕೊಟ್ಟ ಮಾತು ನೆನಪಿದೆಯೆ? ತಿಂಗಳಿಗೊಂದು ಕಾಗದ, ಕೈಬರಹದಲ್ಲಿ, ಕನ್ನಡದಲ್ಲಿ.

ಕಾಗದದ ಬದಲು ಒಂದು ಫೋಟೋ ಕಳುಹಿಸಿದ್ದೀ. "ಈಗ ಈ ಕಟ್ಟಡದ ದುರಸ್ತಿ ನನ್ನ ಕೈಯಲ್ಲಿ" ಎಂದು ಕೆಳಗೆ ಒಂದು ಸಾಲು, ಅಷ್ಟೆ. ನಿನ್ನ ತಮ್ಮ ಕೀರ್ತನ್ ಅದನ್ನು ದೊಡ್ಡದು ಮಾಡಿ ತೋರಿಸಿದ. ಹುಲ್ಲಿನ ಮಾಡು, ಬಿಳಿ ಗೋಡೆಯ ನಡುವೆ ಕಪ್ಪು ಮರದ ಚೌಕಟ್ಟು, ಬದಿಯಲ್ಲೇ ಇಗರ್ಜಿ, ಸಮಾಧಿಗಳು. ಬಾಗಿಲ ಮೇಲೆ ಶಿಲುಬೆಯ ಬಾವುಟ ಹಿಡಿದ ಕುರಿಮರಿಯ ಚಿತ್ರ. ನೋಡಿದ ಕೂಡಲೇ ನನಗೆ ತಿಳಿಯಿತು, ಅದು ಇಗರ್ಜಿಗೆ ಸೇರಿದ ಛತ್ರ. ನಮ್ಮ ಕಡೆ ದೇವಸ್ಥಾನಕ್ಕೆ ಬಂದವರು ಉಳಿಯುವುದಿಲ್ಲವೆ, ಹಾಗೆ. ಬಳಗದ ಸಭೆಯಲ್ಲಿ ಹೇಳಿದೆ. ಅಧ್ಯಕ್ಷ ತಾರಾನಾಥಣ್ಣ ಕುರ್ಚಿಯಿಂದ ಎದ್ದೇಬಿಟ್ಟರು. "ವಿನೋದಕ್ಕ, ಇದು ನಮ್ಗೆಲ್ಲ ಹೆಮ್ಮೆ. ವಾರ್ಷಿಕೋತ್ಸವಕ್ಕೆ ಸಮೀಕ್ಷಾಳಿಗೆ ಒಂದು ಸನ್ಮಾನ ಆಗ್ಲೇಬೇಕು" ಎಂದರು.

ಜನವರಿ 24, ಶುಕ್ರವಾರ. ನೀನು ಬರಬೇಕು. ಅದಕ್ಕೆ ಮೊದಲು ಆ ಕಟ್ಟಡದ ವಿವರ ಬರೆದು ಕಳುಹಿಸು. ಸಭೆಯಲ್ಲಿ ಓದುವಂಥ ಕನ್ನಡದಲ್ಲಿ ಇರಲಿ.

ನಿನ್ನ ಪಪ್ಪ ಕ್ಷೇಮ. ಸಂಜೆ ಮಾರ್ಕೆಟ್ಟಿಗೆ ನಡೆದು ಹೋಗಿ ತರಕಾರಿ ತರುತ್ತಾರೆ. ರಿಟೈರಾಗಿ ಇಷ್ಟು ವರ್ಷವಾದರೂ ಒಳಗೆ ಬರುವುದು ಅಡುಗೆಮನೆಯ ಹಿಂಬಾಗಿಲಿನಿಂದಲೇ. ಅಭ್ಯಾಸ.

ನಿನ್ನ ಅಮ್ಮ


ಸಫೊಕ್, ಇಂಗ್ಲೆಂಡ್
1 ಅಕ್ಟೋಬರ್ 2024

ಅಮ್ಮನಿಗೆ ನಮಸ್ಕಾರಗಳು.

ತಪ್ಪಾಯಿತು. ಇಗೋ, ಕೈಬರಹದಲ್ಲಿ, ಕನ್ನಡದಲ್ಲಿ. ಅಕ್ಷರ ನೋಡಿ ಬೈಯಬೇಡಿ, ಬೆರಳುಗಳಲ್ಲಿ ಸುಣ್ಣ ತುಂಬಿದೆ.

ಈ ಮನೆ ಕಟ್ಟಿ ಐನೂರು ವರ್ಷ ದಾಟಿದೆ. ಊರಿನ ಜನ ಸೇರಲಿ ಎಂದು ಇಗರ್ಜಿಯವರೇ ಕಟ್ಟಿಸಿದ್ದು. ಬಾಗಿಲು ಎಷ್ಟು ಗಿಡ್ಡವೆಂದರೆ ತಲೆ ಬಗ್ಗಿಸದೆ ಯಾರೂ ಒಳಗೆ ಹೋಗುವ ಹಾಗಿಲ್ಲ. ನೀವು ಬಂದರೂ ಬಗ್ಗಬೇಕು. ಅದನ್ನು ನೋಡುವ ಆಸೆ ನನಗೆ ತುಂಬಾ ಇದೆ.

ಇಡೀ ಮನೆ ನಿಂತಿರುವುದು ಓಕ್ ಮರದ ಚೌಕಟ್ಟಿನ ಮೇಲೆ. ಮರವನ್ನು ಹಸಿಯಾಗಿರುವಾಗಲೇ ಕೆತ್ತಿ, ಬಡಗಿಯ ಅಂಗಳದಲ್ಲಿ ಗೋಡೆಗಳನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ ನೋಡಿ, ಮತ್ತೆ ಬಿಚ್ಚಿ ಗಾಡಿಯಲ್ಲಿ ತಂದು ಇಲ್ಲಿ ಎಬ್ಬಿಸಿದ್ದಾರೆ. ಯಾವ ಕಂಬಕ್ಕೆ ಯಾವ ತೊಲೆ ಎಂದು ತಪ್ಪದಿರಲು ಮರಗಳು ಸೇರುವ ಪ್ರತಿ ಕೂಡಿನ ಹತ್ತಿರ ಬಡಗಿ ಉಳಿಯಿಂದ ಗೀರು ಹಾಕಿದ್ದಾನೆ. ಮೂರು ಗೀರಿನ ಕಂಬಕ್ಕೆ ಮೂರು ಗೀರಿನ ತೊಲೆ. ಕಬ್ಬಿಣದ ಮೊಳೆ ಇಲ್ಲ, ಎಲ್ಲ ಮರದ ಗೂಟ. ಹಸಿ ಮರ ಒಣಗುತ್ತಾ ತಿರುಚಿಕೊಂಡು ಕೂಡುಗಳನ್ನು ತಾನೇ ಬಿಗಿ ಮಾಡಿದೆ. ಹಾಗಾಗಿ ಮನೆ ಒಂದು ಬದಿಗೆ ವಾಲಿದೆ, ಆದರೆ ಬೀಳುವುದಿಲ್ಲ.

ಗೋಡೆ ಎಂದರೆ ಕೋಲು ಹೆಣೆದ ತಟ್ಟಿ. ಅದಕ್ಕೆ ಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತಿದ್ದಾರೆ. ಇಲ್ಲಿಯ ಹುಡುಗರು ಸೆಗಣಿ ಮುಟ್ಟಲು ಎರಡು ಜೊತೆ ಗ್ಲೌಸ್ ಹಾಕುತ್ತಾರೆ. ರಜೆಯಲ್ಲಿ ಅಜ್ಜಿಯ ಅಂಗಳ ಸಾರಿಸಿದವಳು ನಾನು, ಬರಿಗೈಯಲ್ಲಿ ಕಲಸಿ ಕೊಟ್ಟೆ. ಅಂದಿನಿಂದ ನನಗೆ ಇಲ್ಲಿ ಭಯಂಕರ ಮರ್ಯಾದೆ.

ಒಲೆಯೇ ಒಂದು ಕೋಣೆ. ಅದರೊಳಗೆ ಎರಡೂ ಬದಿಗೆ ಬೆಂಚು, ಚಳಿಗೆ ಮುದುಕರು ಬೆಂಕಿಯ ಪಕ್ಕ ಒಳಗೇ ಕೂರುತ್ತಿದ್ದರಂತೆ. ಮೇಲಿನ ದೊಡ್ಡ ತೊಲೆಯಲ್ಲಿ ಬತ್ತಿಯ ಉರಿಯಿಂದ ಬೇಕೆಂದೇ ಸುಟ್ಟ ಕಲೆಗಳಿವೆ. ಕೆಟ್ಟದ್ದು ಹೊಗೆಗೂಡಿನಿಂದ ಇಳಿಯದಿರಲಿ ಎಂದು, ನಾವು ಬಾಗಿಲಿಗೆ ನಿಂಬೆಹಣ್ಣು ಕಟ್ಟುವ ಹಾಗೆ.

ಸನ್ಮಾನ ಬೇಡ ಅಮ್ಮ. ಓದಲೇಬೇಕೆಂದರೆ, "ಊರಿನವರು ಸಂಜೆ ಸೇರುತ್ತಿದ್ದ ಮನೆ" ಎಂದು ಬರೆದರೆ ಸಾಕು.

ಪಪ್ಪನಿಗೆ ಒಂದು ಮಾತು ಹೇಳಿ. ಇಲ್ಲಿಯ ತೊಲೆ ಟೊಳ್ಳಲ್ಲ, ತಟ್ಟಿ ನೋಡಿದೆ.

ಸಮೀಕ್ಷಾ


ಅಲ್ ಮವಾಲೇಹ್
20 ಅಕ್ಟೋಬರ್ 2024

ಸಮೀಕ್ಷಾ,

ಕಾಗದ ಚೆನ್ನಾಗಿದೆ. ಒತ್ತಕ್ಷರ ಎರಡು ಕಡೆ ತಪ್ಪಿದೆ, ತಿದ್ದಿಕೊಂಡೆ. ಕಮಿಟಿಯಲ್ಲಿ ನಾನೇ ಓದಿದೆ. ಸೆಗಣಿಯ ವಿಷಯ ಬಿಟ್ಟು ಓದಿದೆ. ಎಲ್ಲರೂ ಮೌನವಾಗಿ ಕೇಳಿದರು. ಸನ್ಮಾನ ಪತ್ರದಲ್ಲಿ "ಇಂಗ್ಲೆಂಡಿನ ಪುರಾತನ ಧರ್ಮಛತ್ರದ ಜೀರ್ಣೋದ್ಧಾರದ ಹೊಣೆ ಹೊತ್ತ ನಮ್ಮ ಹೆಮ್ಮೆಯ ಕುವರಿ" ಎಂದು ಬರೆಸಿದ್ದೇನೆ. "ತಂದೆ ಕೊಗ್ಗ ಪೂಜಾರಿ, ಹೋಟೆಲೊಂದರಲ್ಲಿ ಉಗ್ರಾಣದ ಮೇಲ್ವಿಚಾರಕರಾಗಿ ನಿವೃತ್ತರು" ಎಂದೂ ಇದೆ. ಅದನ್ನು ಓದುವಾಗ ತಾರಾನಾಥಣ್ಣನಿಗೆ ಕೆಮ್ಮು ಬಂತು. ಇಲ್ಲಿ ಈಗ ಧೂಳು ಜಾಸ್ತಿ.

ನಿನ್ನ ಪಪ್ಪನಿಗೆ ತೊಲೆಯ ಮಾತು ಹೇಳಿದೆ. ಕೇಳಿದ ಕೂಡಲೇ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಎಂತ ನಗು? ನಮ್ಗೂ ಹೇಳಿ, ನಾವೂ ನಗ್ತೇವೆ" ಎಂದೆ.

"ಎಂತ ಇಲ್ಲ ಮಾರಾಯ್ತಿ. ಅವಳದ್ದೊಂದು ತಮಾಷೆ."

ಮತ್ತೆ ಎದ್ದು ಅಂಗಳಕ್ಕೆ ಹೋಗಿ ದಾಸವಾಳದ ಗಿಡಕ್ಕೆ ನೀರು ಹಾಕುತ್ತಾ ನಿಂತರು. ಆ ಗಿಡಕ್ಕೆ ನಾನು ಬೆಳಗ್ಗೆಯೇ ನೀರು ಹಾಕಿದ್ದೆ. ನನ್ನ ಮನೆಯಲ್ಲಿ ನನ್ನನ್ನು ಬಿಟ್ಟು ತಮಾಷೆ ನಡೆಯುವುದು ನನಗೆ ಇಷ್ಟವಿಲ್ಲ. ಏನದು?

ಅಮ್ಮ


ಸಫೊಕ್
6 ನವೆಂಬರ್ 2024

ಅಮ್ಮ,

ನಿಮ್ಮ ಕಾಗದ ಓದಿ ನನಗೆ ಊಟ ಸೇರಲಿಲ್ಲ. ಧರ್ಮಛತ್ರ ಎಂದು ನಾನು ಎಲ್ಲೂ ಬರೆದಿಲ್ಲ. ಆದರೆ ಅಲ್ಲ ಎಂದೂ ಬರೆಯಲಿಲ್ಲ. ಆ ಒಂದು ಶಬ್ದ ತಪ್ಪಿಸಲು ಒಲೆ, ಗೋಡೆ, ಗೂಟ ಎಂದು ಎರಡು ಪುಟ ತುಂಬಿಸಿದೆ. ಈಗ ಬರೆಯುತ್ತೇನೆ. ಇದು ಪಬ್. ಬಿಯರ್ ಮಾರುವ ಮನೆ. ಕುರಿಮರಿಯ ಚಿತ್ರ ಅದರ ಬೋರ್ಡು.

ಮೊದಲಿನಿಂದಲೂ ಹಾಗೆಯೇ. ಇಗರ್ಜಿಯ ಮಾಡು ಸೋರಿದರೆ ಊರವರು ಇಲ್ಲೇ ಬಿಯರ್ ಕಾಯಿಸಿ, ಮಾರಿ, ಬಂದದ್ದರಲ್ಲಿ ಮಾಡು ಸರಿಪಡಿಸುತ್ತಿದ್ದರು. ಐದು ವರ್ಷದ ಹಿಂದೆ ಮುಚ್ಚಿಹೋಯಿತು. ಕೆಡವಿ ಮನೆ ಕಟ್ಟಲು ಯಾರೋ ಬಂದಾಗ ಊರವರೇ ಪಾಲು ಹಾಕಿ ಕೊಂಡುಕೊಂಡರು. ನಿಮ್ಮ ವಯಸ್ಸಿನ ಹೆಂಗಸರು ಮನೆಮನೆಗೆ ಹೋಗಿ ಪಾಲು ಕೇಳಿದ್ದಾರೆ. ನಮ್ಮಲ್ಲೂ ಗುಳಿಗನ ಕಟ್ಟೆಗೆ ಕಳ್ಳು ಹೋಗಬೇಕಾದ್ದು ಪಪ್ಪನ ಮನೆಯಿಂದಲೇ ಅಲ್ಲವೆ? ದೈವದ ಎದುರು ಅದಕ್ಕೆ ಮರ್ಯಾದೆ ಉಂಟಲ್ಲ?

ಇನ್ನೊಂದು ವಿಷಯ ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಈ ಮನೆಯ ಹಿಂದುಗಡೆ ಒಂದು ಪುಟ್ಟ ಕೋಣೆ ಇದೆ. ನೂರೈವತ್ತು ವರ್ಷದ ಹಿಂದೆ ಸೇರಿಸಿದ್ದು. ಅದಕ್ಕೆ ಓಣಿಯ ಕಡೆಯಿಂದ ಬೇರೆಯೇ ಬಾಗಿಲು. ಒಳಗೆ ಕುಳಿತವರು ಯಾರಿಗೂ ಕಾಣಬಾರದು ಎಂದು ಕೌಂಟರಿನ ಕಡೆಗೆ ಮಸುಕು ಗಾಜಿನ ಹಲಗೆಗಳು. ಹೆಂಗಸರು, ಪಾದ್ರಿ, ಊರ ಪೊಲೀಸು, ಹೀಗೆ ಕಾಣಿಸಿಕೊಳ್ಳಲು ನಾಚಿಕೆ ಪಡುವವರೆಲ್ಲ ಅಲ್ಲಿ ಕೂರುತ್ತಿದ್ದರಂತೆ. ಗಾಜಿನ ಕೆಳಗಿನ ಸಂದಿನಿಂದ ಗ್ಲಾಸು ಬರುತ್ತದೆ, ಕೊಡುವ ಕೈ ಮಾತ್ರ ಕಾಣುತ್ತದೆ. ಮೊದಲ ಸಲ ಆ ಕೋಣೆಯಲ್ಲಿ ನಿಂತಾಗ ನನಗೆ ಹಮ್ರಿಯಾದ ನಮ್ಮ ಹಳೆಯ ಫ್ಲಾಟು ನೆನಪಾಯಿತು. ಏಕೆ ಎಂದು ನೀವು ಪಪ್ಪನನ್ನೇ ಕೇಳಿ. ತೊಲೆಯ ತಮಾಷೆಯನ್ನೂ ಅವರೇ ಹೇಳಲಿ.

ದಯವಿಟ್ಟು ಛತ್ರ ಎಂಬುದನ್ನು ತೆಗೆಸಿ.

ಸಮೀಕ್ಷಾ


ಅಲ್ ಮವಾಲೇಹ್
21 ನವೆಂಬರ್ 2024

ಸಮೀಕ್ಷಾ,

ಈ ಕಾಗದ ಉದ್ದ ಇರುವುದಿಲ್ಲ.

ನನ್ನ ಅಜ್ಜ ತಾಳೆ ಮರ ಹತ್ತಿ ಕಳ್ಳು ಇಳಿಸಿದವರು. ಹೆಂಡ ಬಿಡಿ ಎಂಬ ನಾರಾಯಣ ಗುರುಗಳ ಮಾತಿಗೆ ಕಟ್ಟುಬಿದ್ದು ನನ್ನ ಅಪ್ಪ ಕಳ್ಳು ಇಳಿಸುವ ಆ ಕತ್ತಿಯನ್ನು ಬಾವಿಗೆ ಹಾಕಿ ಶಾಲೆಯ ಮಾಸ್ತರಾದರು. ಹೆಂಡದ ವಾಸನೆಯಿಂದ ಹೊರಗೆ ಬರಲು ನಮಗೆ ಎಷ್ಟು ಕಷ್ಟವಾಯಿತೆಂದು ಆ ಸಫೊಕ್ಕಿನವರಿಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ದೈವಕ್ಕೆ ಇಡುವುದು ಬೇರೆ, ಬಿಲ್ಲು ಬರೆದು ಮಾರುವುದು ಬೇರೆ.

ಛತ್ರ ಎಂದೇ ಇರುತ್ತದೆ. ಸನ್ಮಾನ ಪತ್ರದ ಕಾರ್ಡು ಅಚ್ಚಾಗಿದೆ. ನೀನು ಬಂದು ಶಾಲು ಹೊದ್ದು ನಮಸ್ಕಾರ ಹೇಳಿ ಕೆಳಗೆ ಇಳಿ. ಆ ಕೋಣೆ ಕಟ್ಟಿದವರಿಗಾದರೂ ಬುದ್ಧಿ ಇತ್ತು. ಮರ್ಯಾದೆ ಇರುವವರಿಗೆ ಮರೆ ಬೇಕಾಗುತ್ತದೆ.

ಹಮ್ರಿಯಾದ ಮಾತು ಏಕೆ ಎತ್ತಿದೆ? ನಿನಗೆ ಯಾರು ಏನು ಹೇಳಿದ್ದಾರೆ? ಪಪ್ಪನ ಜೊತೆ ಕೆಲಸಕ್ಕಿದ್ದ ಕ್ಲೇಟನ್ ಫೋನ್ ಮಾಡಿದ್ದನೆ? ಅವನು ಮೊನ್ನೆ ನಿನ್ನ ಪಪ್ಪನಿಗೂ ಮಾಡಿದ್ದ. ಅವರು ಕೆಲಸ ಮಾಡಿದ ಜಾಗವನ್ನು ಮುಂದಿನ ತಿಂಗಳು ಒಡೆದು ಕಾಫಿಯ ಅಂಗಡಿ ಮಾಡುತ್ತಾರಂತೆ. "ಕಡೇ ದಿನ ಒಂದ್ಸಲ ಹೋಗಿ ಬರುದಾ?" ಎಂದು ನಿನ್ನ ಪಪ್ಪ ನನ್ನನ್ನು ಕೇಳಿದರು. ಬೇಡ ಎಂದೆ. ಸರಿ ಎಂದರು.

ಅಮ್ಮ


ಸಫೊಕ್
5 ಡಿಸೆಂಬರ್ 2024

ಅಮ್ಮ,

ಕ್ಲೇಟನ್ ಅಂಕಲ್ ಏನೂ ಹೇಳಿಲ್ಲ. ನನಗೆ ನಾಲ್ಕನೇ ಕ್ಲಾಸಿನಿಂದ ಗೊತ್ತು.

ಮಾಸ್ತರಜ್ಜ ತೀರಿಕೊಂಡು ಬೊಜ್ಜದ ಉತ್ತರಕ್ರಿಯೆಗೆ ಎಂದು ನೀವು ಕೀರ್ತನ್‌ನನ್ನು ಎತ್ತಿಕೊಂಡು ಊರಿಗೆ ಹೋಗಿದ್ದಿರಿ. ಮಸ್ಕತ್ತಿನಲ್ಲಿ ರಂಜಾನ್. ಬಾರುಗಳೆಲ್ಲ ಮುಚ್ಚಿರುವ ತಿಂಗಳು. ನನ್ನನ್ನು ನೋಡಿಕೊಳ್ಳಲು ಯಾರೂ ಇಲ್ಲದೆ ಪಪ್ಪ ಕೆಲಸಕ್ಕೆ ಕರೆದುಕೊಂಡು ಹೋದರು. ಹೋಟೆಲಿನ ಅಡುಗೆಮನೆ ದಾಟಿ ಒಂದು ಕತ್ತಲ ಕೋಣೆ. ಲೈಟು ಹಾಕಿದರೆ ಕಪ್ಪು ತೊಲೆಗಳು, ಹಿತ್ತಾಳೆಯ ಕುದುರೆ ಲಾಳ, ದೊಡ್ಡ ಒಲೆ. ಯಾವುದೋ ಕಥೆಪುಸ್ತಕದ ಒಳಗೆ ಬಂದ ಹಾಗಿತ್ತು. "ಇದು ಇಂಗ್ಲೆಂಡಾ ಪಪ್ಪ?" ಎಂದು ಕೇಳಿದೆ. ಪಪ್ಪ ನನ್ನನ್ನು ಕೌಂಟರಿನ ಮೇಲೆ ನಿಲ್ಲಿಸಿ, "ತಟ್ಟಿ ನೋಡು" ಎಂದರು. ತೊಲೆ ಡಬ್ ಡಬ್ ಎಂದಿತು. "ಖಾಲಿ! ಪ್ಲಾಸ್ಟಿಕ್. ಒಲೆಯಲ್ಲಿ ಬಲ್ಬು. ಎಲ್ಲ ಪೆಟ್ಟಿಗೆಯಲ್ಲಿ ಹಡಗಲ್ಲಿ ಬಂದದ್ದು. ಅಸಲಿ ಎಲ್ಲೋ ಉಂಟಂತೆ. ಅದು ಹೇಗೆ ಕೇಳ್ತದೋ ಯಾರಿಗೆ ಗೊತ್ತು" ಎಂದರು.

ನಾನು ಹಳೆಯ ಕಟ್ಟಡಗಳ ಆರ್ಕಿಟೆಕ್ಟ್ ಏಕಾದೆ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೇ ಆದೆ.

ಹೊರಗೆ ಬಂದ ಮೇಲೆ, "ಅಮ್ಮನಿಗೆ ಹೇಳ್ಬೇಡ, ಅವಳಿಗೆ ನಾಚಿಕೆ ಆಗ್ತದೆ" ಎಂದರು. ಹೇಳಲಿಲ್ಲ. ಆದರೆ ಆಮೇಲೆ ಎಲ್ಲ ಅರ್ಥವಾಗುತ್ತಾ ಹೋಯಿತು. ಹಮ್ರಿಯಾದಲ್ಲಿ ಕಸದ ಡಬ್ಬಗಳ ಪಕ್ಕದ ಹಿಂದಿನ ಮೆಟ್ಟಿಲು ಏಕೆ, ಅಲ್ಲಿ ನೀವು ಇಡುತ್ತಿದ್ದ ಬಕೆಟ್ ನೀರು ಏಕೆ, ಪಪ್ಪನ ಕೆಲಸದ ಅಂಗಿ ಮನೆಯ ಬಟ್ಟೆಯೊಡನೆ ಒಮ್ಮೆಯೂ ಒಣಗದಿದ್ದದ್ದು ಏಕೆ. ಅವರು ಇಪ್ಪತ್ತೆಂಟು ವರ್ಷ ಬಾರ್‌ಮನ್ ಆಗಿದ್ದರು. ಉಗ್ರಾಣ ಎಂಬುದು ನೀವು ಕಟ್ಟಿದ ಕೋಣೆ.

ಅವರ ಕೆಲಸವನ್ನೂ ನನ್ನ ಕೆಲಸವನ್ನೂ ಒಂದೇ ಕಾರ್ಡಿನಲ್ಲಿ ಅಳಿಸಿ ನನಗೆ ಶಾಲು ಹೊದಿಸುವುದು ಬೇಡ. ಅದನ್ನೇ ಓದುವುದಾದರೆ ನಾನು ಬರುವುದಿಲ್ಲ.

ಸಮೀಕ್ಷಾ


ಅಲ್ ಮವಾಲೇಹ್
30 ಡಿಸೆಂಬರ್ 2024

ಸಮೀಕ್ಷಾ,

ಮೂರು ಸಲ ಬರೆಯಲು ಕೂತು ಎದ್ದಿದ್ದೇನೆ. ಕೋಪದಲ್ಲಿ ಬರೆದದ್ದನ್ನು ಹರಿದೆ. ಸಮಾಧಾನದಲ್ಲಿ ಬರೆದದ್ದು ಸುಳ್ಳೆನಿಸಿತು, ಅದನ್ನೂ ಹರಿದೆ. ಈಗ ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಿನ್ನ ಕಾಗದ ಓದಿ ಅಕ್ಕಿಯ ಡಬ್ಬದ ಕೆಳಗೆ ಇಟ್ಟೆ. ನಿನ್ನ ಪಪ್ಪನೊಡನೆ ಮಾತು ಬಿಟ್ಟೆ. ಅವರು ಏಕೆಂದು ಕೇಳಲೂ ಇಲ್ಲ, ತೊಂಡೆಕಾಯಿ ಹೆಚ್ಚಿ ಕೊಟ್ಟು ಹೋದರು. ಕ್ಲೇಟನ್ ಹೇಳಿದ ಕಡೆಯ ದಿನದ ಬೆಳಗ್ಗೆ ನಾನು ಮದುವೆ ಮನೆಗೆ ಉಡುವ ಸೀರೆ ಉಟ್ಟೆ.

"ಹೊರಡಿ" ಎಂದೆ.

"ಎಲ್ಲಿಗೆ?"

"ನಿಮ್ಮ ಉಗ್ರಾಣಕ್ಕೆ."

ಹೋಟೆಲಿನಲ್ಲಿ ಇಳಿದು ಅವರು ಕಟ್ಟಡದ ಹಿಂದಕ್ಕೆ ನಡೆಯತೊಡಗಿದರು. "ಎದುರಿಂದ ಸ್ಟಾಫಿಗೆ ಬಿಡುದಿಲ್ಲ ಮಾರಾಯ್ತಿ" ಎಂದರು. ನೀವೀಗ ಸ್ಟಾಫ್ ಅಲ್ಲ ಎಂದು ಕೈ ಹಿಡಿದು ಎದುರಿನಿಂದ ಕರೆದುಕೊಂಡು ಹೋದೆ.

ಕ್ಲೇಟನ್ ಏಣಿಯ ಮೇಲೆ ನಿಂತು ಹಿತ್ತಾಳೆಯ ಲಾಳ ಬಿಚ್ಚುತ್ತಿದ್ದ. ನಿನ್ನ ಪಪ್ಪನ ಕೈಕೆಳಗೆ ಕಲಿತ ಹುಡುಗ, ಈಗ ತಲೆ ನರೆತಿದೆ. ನನ್ನನ್ನು ನೋಡಿದ್ದೇ ಅವನ ಕೈಯ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

"ಓ ದೇವಾ! ವಿನೋದಕ್ಕ, ನೀವಾ? ಕೊಗ್ಗಣ್ಣ, ಇವತ್ತು ಮಸ್ಕತ್ತಲ್ಲಿ ಮಳೆ ಗ್ಯಾರಂಟಿ."

ನನ್ನನ್ನು ಕೌಂಟರಿನ ಎದುರು ಕೂರಿಸಿದ. ಲಿಂಬೆ ಶರಬತ್ತು ಕೊಟ್ಟ. ನಿನ್ನ ಪಪ್ಪ ಅಭ್ಯಾಸಬಲದಿಂದ ಕೌಂಟರಿನ ಆ ಬದಿಗೆ ಹೋಗಿ, ಒಂದು ಬಟ್ಟೆ ತೆಗೆದು ಒರೆಸತೊಡಗಿದರು. ಒರೆಸಲು ಅಲ್ಲಿ ಏನೂ ಇರಲಿಲ್ಲ. ಅವರ ಬೆನ್ನು ನೆಟ್ಟಗಾಗಿತ್ತು. ನಮ್ಮ ಮನೆಯಲ್ಲಿ ಅವರು ಹಾಗೆ ನಿಂತದ್ದನ್ನು ನಾನು ನೋಡಿಲ್ಲ.

ಕ್ಲೇಟನ್‌ಗೆ ಮಾತೆಂದರೆ ಗೊತ್ತಲ್ಲ. "ಈ ಕೌಂಟರ್ ಮಾತ್ರ ಅಸಲಿ ವಿನೋದಕ್ಕ. ಇಂಗ್ಲೆಂಡಿಂದ ಬಂದದ್ದು ದಾರಿಯಲ್ಲಿ ಒಡ್ದು ಹೋಗಿತ್ತು. ಕೊಗ್ಗಣ್ಣನೇ ಸುವೈಕ್‌ಗೆ ಹೋಗಿ ಹಳೇ ಮೀನಿನ ದೋಣಿಯ ಹಲಗೆ ತಂದು ಮಾಡ್ಸಿದ್ದು. ನಮ್ಮ ಊರಿನ ಸಾಗುವಾನಿಯಂತೆ. ನಾಳೆ ಇದೂ ಖಲಾಸ್, ಲಾರಿಗೆ ಹಾಕ್ತಾರೆ."

ಮತ್ತೆ ಮೂಲೆಯ ಮೇಜು ತೋರಿಸಿದ. "ಅದು ತಾರಾನಾಥಣ್ಣನ ಜಾಗ. ಗುರುವಾರ ಸಂಜೆ ತಪ್ಪಿಸ್ಲಿಕ್ಕಿಲ್ಲ. ನಿಮ್ಮ ಬಳಗದ ಅರ್ಧ ಕಮಿಟಿ ಮೀಟಿಂಗ್ ಆದದ್ದು ಇಲ್ಲೇ."

"ಕ್ಲೇಟನ್, ಸಾಕು" ಎಂದರು ನಿನ್ನ ಪಪ್ಪ.

"ಯಾಕೆ ಕೊಗ್ಗಣ್ಣ? ಇವರಿಗೆ ಗೊತ್ತಿಲ್ವಾ?"

"ಗೊತ್ತುಂಟು" ಎಂದೆ ನಾನು. ಶರಬತ್ತಿನ ಗ್ಲಾಸು ದೂರ ಸರಿಸಿದೆ.

"ಅದೇ ನಾನೂ ಹೇಳುದು. ನಮ್ಗೆಲ್ಲ ಕೊಗ್ಗಣ್ಣನದ್ದೊಂದೇ ತಮಾಷೆ. ಶಿಫ್ಟ್ ಮುಗಿದ ಮೇಲೆ ಅಂಗಿ ಬದಲಿಸದೆ ಮನೆಗೆ ಹೋಗ್ಲಿಕ್ಕಿಲ್ಲ. ಕೇಳಿದ್ರೆ, 'ನನ್ಗೇ ಆ ವಾಸನೆ ಆಗುದಿಲ್ಲ ಮಾರಾಯ. ಹೆಂಡತಿ ಪಾಪ, ಏನೂ ಹೇಳುದಿಲ್ಲ' ಅಂತಿದ್ರು."

ಹೆಂಡತಿ ಪಾಪ, ಏನೂ ಹೇಳುವುದಿಲ್ಲ. ಬಕೆಟ್ ಇಟ್ಟವಳು ನಾನು. ಕೈಕಾಲು ತೊಳೆಯದೆ ಹೊಸಿಲು ದಾಟಿದ ದಿನ ಬಡಿಸಿದ ಬಟ್ಟಲನ್ನು ಎದುರಿನಿಂದ ಎತ್ತಿದವಳು ನಾನು. ಅದನ್ನೆಲ್ಲ ಅವರು ತಮ್ಮದೇ ಮಡಿ ಎಂದು ಹೇಳಿಕೊಂಡಿದ್ದಾರೆ. ನಾನು ಮನೆಗೆ ಬೇಕಾಗಿ ಒಂದು ಸುಳ್ಳು ಹೇಳಿದೆ. ಅವರು ನನಗೆ ಬೇಕಾಗಿ ಇನ್ನೊಂದು ಹೇಳಿದರು.

ಹೊರಡುವಾಗ ನಾನು ಕುರ್ಚಿಯ ಮೇಲೆ ಹತ್ತಿ ತೊಲೆ ತಟ್ಟಿದೆ. ಈ ವಯಸ್ಸಿನಲ್ಲಿ, ಆ ಸೀರೆಯಲ್ಲಿ. ನೀನು ಬರೆದ ಹಾಗೆಯೇ ಕೇಳಿಸಿತು.

ಕಾರಿನಲ್ಲಿ ಕೇಳಿದೆ, "ಬಳಗದಲ್ಲಿ ಯಾರ‍್ಯಾರಿಗೆ ಗೊತ್ತು?"

"ಎಲ್ಲರಿಗೂ."

"ಮತ್ತೆ ಗೊತ್ತುಂಟು ಅಂತ ನನ್ಗೆ ಯಾಕೆ ಯಾರೂ ಹೇಳ್ಲಿಲ್ಲ?"

"ನಾನೇ ಹೇಳ್ಬೇಡಿ ಅಂದಿದ್ದೆ." ಸ್ವಲ್ಪ ದೂರ ಹೋದ ಮೇಲೆ ಅಂದರು, "ನೀನು ಆ ಎದುರಿನ ಕುರ್ಚಿಯಲ್ಲಿ ಕೂತ್ರೆ ಚಂದ ಕಾಣ್ತಿ ವಿನೋದಾ."

ಯೋಚಿಸಿ ನೋಡು. ಹುಡುಗ ಕುಡಿಯುತ್ತಾನೋ ಎಂದು ನಾನು ಗಂಭೀರವಾಗಿ ವಿಚಾರಿಸುವಾಗ ಎದುರಿಗಿದ್ದವರು ಒಳಗೊಳಗೇ ಏನೆಂದುಕೊಂಡಿರಬೇಕು. ಉಗ್ರಾಣ ಎಂದು ಓದುವಾಗ ತಾರಾನಾಥಣ್ಣನಿಗೆ ಬಂದ ಕೆಮ್ಮು ಧೂಳಿನದಾಗಿರಲಿಲ್ಲ. ಯಾರೂ ಒಂದು ದಿನವೂ ನಗಲಿಲ್ಲ. ನಕ್ಕಿದ್ದರೆ ನಾನು ಜಗಳ ಮಾಡುತ್ತಿದ್ದೆ. ಇವರು ಮರ್ಯಾದೆ ಕೊಟ್ಟಿದ್ದಾರೆ. ಅದಕ್ಕೆ ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ.

ನಿನ್ನ ಆ ಹಿಂದಿನ ಕೋಣೆಯಲ್ಲಿ ನಾನು ನಿನ್ನ ಪಪ್ಪನನ್ನು ಕೂರಿಸಿದ್ದೇನೆಂದು ತಿಳಿದಿದ್ದೆ. ಅವರು ಹೊರಗೇ ಇದ್ದರು, ಎಲ್ಲರಿಗೂ ಕಾಣುವ ಹಾಗೆ. ಗಾಜಿನ ಒಳಗೆ ಕೂತವಳು ನಾನು.

ಬಾ ಎಂದು ಈ ಕಾಗದದಲ್ಲಿ ನಾನು ಬರೆಯುವುದಿಲ್ಲ.

ಅಮ್ಮ


ಸಫೊಕ್
9 ಜನವರಿ 2025

ಅಮ್ಮ,

ನಿಮ್ಮ ಕಾಗದ ಮರಗೆಲಸದ ಷೆಡ್ಡಿನಲ್ಲಿ ನಿಂತೇ ಓದಿದೆ. ನೀವು ಕುರ್ಚಿ ಹತ್ತಿದ್ದನ್ನು ಎರಡು ಸಲ ಓದಿದೆ.

24ಕ್ಕೆ ಬರಲಾಗುವುದಿಲ್ಲ. ಇದು ಹಟವಲ್ಲ. ಆ ವಾರ ಮೂಲೆಯ ಕಂಬದ ಕೊಳೆತ ಬುಡ ಕತ್ತರಿಸಿ ಹೊಸ ಮರ ಸೇರಿಸುತ್ತೇವೆ. ಇಡೀ ಮನೆಯನ್ನು ಜಾಕಿನ ಮೇಲೆ ಎತ್ತಿ ಹಿಡಿಯಬೇಕು, ನಾನು ಇರಲೇಬೇಕು.

ಹಿಂದಿನ ಕೋಣೆಯ ಗಾಜು ತೆಗೆಯಬೇಕೋ ಬೇಡವೋ ಎಂದು ಊರಿನ ಹೆಂಗಸರು ದೊಡ್ಡ ಜಗಳ ಮಾಡಿದರು. ಉಳಿಸಿಕೊಂಡೆವು. ಹಲಗೆಗಳನ್ನು ಬಿಚ್ಚಿ ತೊಳೆಯುವಾಗ ತಿಳಿಯಿತು, ಅವು ನಡುವಿನ ಕೀಲಿನ ಮೇಲೆ ತಿರುಗುವಂಥವು. ತುಕ್ಕು ಹಿಡಿದು ಮುಚ್ಚಿಯೇ ಇದ್ದವು, ಅಷ್ಟೆ. ಎಣ್ಣೆ ಹಾಕಿದೆ. ಈಗ ಒಳಗಿನಿಂದಲೇ ತೆರೆಯಬಹುದು.

ಪಪ್ಪನಿಗೆ ಒಂದು ಸಣ್ಣ ಪಾರ್ಸೆಲ್ ಕಳುಹಿಸಿದ್ದೇನೆ. ಹಳೆಯ ಓಕ್ ತೊಲೆಯ ತುಂಡು, ಕತ್ತರಿಸುವಾಗ ಉಳಿದದ್ದು. ತಟ್ಟಿ ನೋಡಲಿ.

ಸಮೀಕ್ಷಾ


ಅಲ್ ಮವಾಲೇಹ್
27 ಜನವರಿ 2025

ಮಗಳು ಸಮೀಕ್ಷಾಳಿಗೆ ಆಶೀರ್ವಾದಗಳು.

ಪಾರ್ಸೆಲ್ ತಲುಪಿತು. ನಿನ್ನ ಪಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟಿದರು. "ಕಲ್ಲಿನ ಹಾಗೆ ಕೇಳ್ತದೆ" ಎಂದರು. ಮನೆಗೆ ಬಂದವರಿಗೆಲ್ಲ ತಟ್ಟಿಸಿ ಕೇಳಿಸುತ್ತಿದ್ದಾರೆ, ನನಗೆ ಬೇಸರ ಬಂದಿದೆ.

ವಾರ್ಷಿಕೋತ್ಸವದ ಬೆಳಗ್ಗೆ ಅಚ್ಚಾದ ಕಾರ್ಡು ಬಿಟ್ಟು ಸನ್ಮಾನ ಪತ್ರವನ್ನು ನನ್ನ ಕೈಯಲ್ಲೇ ಹೊಸದಾಗಿ ಬರೆದು ತಾರಾನಾಥಣ್ಣನಿಗೆ ಕೊಟ್ಟೆ. ಓದಿ ಅವರ ಮುಖ ಸಣ್ಣದಾಯಿತು.

"ಇದನ್ನು ಮೈಕಿನಲ್ಲಿ ಓದುದಾ ವಿನೋದಕ್ಕ?"

"ನಿಮ್ಗೆ ಕಷ್ಟ ಆದ್ರೆ ಗುರುವಾರದವರು ಬೇರೆ ಯಾರಾದ್ರೂ ಓದ್ಲಿ."

ಅವರೇ ಓದಿದರು. "ಇಂಗ್ಲೆಂಡಿನ ಒಂದು ಹಳ್ಳಿಯ ಐನೂರು ವರ್ಷ ಹಳೆಯ ಪಬ್ಬನ್ನು ಬೀಳದಂತೆ ನಿಲ್ಲಿಸುತ್ತಿರುವ ಸಮೀಕ್ಷಾ, ಮಸ್ಕತ್ತಿನ ಹೋಟೆಲೊಂದರ ಪಬ್ಬಿನಲ್ಲಿ ಇಪ್ಪತ್ತೆಂಟು ವರ್ಷ ಬಾರ್‌ಮನ್ ಆಗಿದ್ದ ಕೊಗ್ಗ ಪೂಜಾರಿಯವರ ಮಗಳು." ಓದುವಾಗ ಅವರ ಧ್ವನಿ ಮಾಮೂಲಿನ ಹಾಗಿರಲಿಲ್ಲ. ಸಭೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಎಲ್ಲರೂ ನಿನ್ನ ಪಪ್ಪನನ್ನು ಬಿಟ್ಟು ನನ್ನನ್ನು ನೋಡಿದರು. ನೆಲ ನೋಡುತ್ತಾ ನಿಂತೆ. ನಾನು ನೆಲ ನೋಡಿದ್ದು ಮದುವೆಯ ದಿನ ಬಿಟ್ಟರೆ ಅವತ್ತೇ.

ನಿನ್ನ ಶಾಲನ್ನು ಪಪ್ಪನಿಗೆ ಹೊದಿಸಿದರು. ವೇದಿಕೆಯಿಂದ ಇಳಿದು ಬಂದಾಗ ನಾನು ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಹಿಂದಕ್ಕೆ ಹೋದೆ. ಹಿಂದಿನ ಸಾಲಿನಿಂದ ನಾಟಕ ಏನೂ ಕಾಣುವುದಿಲ್ಲ, ಮಾತೂ ಸರಿಯಾಗಿ ಕೇಳುವುದಿಲ್ಲ. ಪಪ್ಪ ಇಷ್ಟು ವರ್ಷ ಕೂತದ್ದು ಅಲ್ಲೇ. ಊಟದ ಹೊತ್ತಿಗೆ ಹೆಂಗಸರು ಬಂದು "ವಿನೋದಕ್ಕ, ಪಾಯಸ ಹಾಕ್ಲಾ?" ಎಂದು ಎಂದಿನಂತೆಯೇ ಕೇಳಿದರು. ಅವರ ಮುಖ ನೋಡಿ ಉತ್ತರ ಕೊಡಲು ನನಗೆ ಇನ್ನೂ ಕೆಲವು ದಿನ ಬೇಕು. ಮದುವೆ ವಿಚಾರಿಸಲು ಒಂದು ಫೋನ್ ಬಂದಿತ್ತು. ಹುಡುಗ ಕುಡಿಯುತ್ತಾನೋ ಎಂದು ನೀವೇ ಕೇಳಿಕೊಳ್ಳಿ ಎಂದೆ.

ಇನ್ನೊಂದು ವಿಷಯ. ಆ ಹೋಟೆಲಿನ ಕೌಂಟರು ಲಾರಿಗೆ ಹೋಗಲಿಲ್ಲ. ಮರುದಿನವೇ ಕೀರ್ತನ್ ಪಿಕಪ್ ತೆಗೆದುಕೊಂಡು ಹೋದ, ಕ್ಲೇಟನ್ ಮತ್ತೆ ಇಬ್ಬರು ಎತ್ತಿ ಹಾಕಿದರು. ಇಷ್ಟು ದಿನ ಅಂಗಳದಲ್ಲಿ ಚಾದರ ಹೊದ್ದು ಕೂತಿತ್ತು. ನಿನ್ನೆ ಅದನ್ನು ಒಳಗೆ ತರಿಸಿದೆ. ನಾಲ್ಕು ಜನ ಬೇಕಾಯಿತು. ಎಲ್ಲಿಗೆ ಎಂದು ಕೀರ್ತನ್ ಕೇಳಿದ. ತೋರಿಸಿದೆ. "ಅಮ್ಮ, ಅಲ್ಲಿಟ್ರೆ ಡೋರ್ ಓಪನ್ ಆಗುದಿಲ್ಲ" ಎಂದ. ಗೊತ್ತುಂಟು, ಇಡು ಎಂದೆ.

ಅಡುಗೆಮನೆಯ ಹಿಂಬಾಗಿಲಿಗೆ ಅಡ್ಡವಾಗಿ ಈಗ ಅದು ನಿಂತಿದೆ. ಮೇಲೆ ನಿನ್ನ ಓಕ್ ತುಂಡು ಇಟ್ಟಿದ್ದೇನೆ. ಸಂಜೆ ನಿನ್ನ ಪಪ್ಪ ತರಕಾರಿಯ ಚೀಲ ಹಿಡಿದು ಹಿಂದಿನಿಂದ ಬಂದು ಬಾಗಿಲು ದೂಡಿದರು. ಮತ್ತೊಮ್ಮೆ ದೂಡಿದರು. ನಾನು ಎದುರು ಬಾಗಿಲ ಹತ್ತಿರ ಬಂದು ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಮನೆಯನ್ನು ಸುತ್ತಿ ಬಂದು, ಎದುರು ಬಾಗಿಲಿನ ಬೆಲ್ ಒತ್ತಿದರು. ತೆರೆದೆ.

ಅಮ್ಮ